ಬೆನ್ನಿಗೆ ಹೊರುವ ಪೆಟ್ರೋಲ್ ಬ್ಲೋವರ್: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ತರಗೆಲೆ ಊದುವ ಬ್ಲೋವರ್ ಬಗ್ಗೆ ದಿನವೂ ಪ್ರಶ್ನೆಗಳು ಬರುತ್ತಿವೆ. ಸಾಗರದ ಕಡೆ ಕಳೆ ಕತ್ತರಿಸುವ ಯಂತ್ರ, ಗರಗಸ, ಬ್ಲೋವರ್ ರಿಪೇರಿ ಮಾಡುವ ನಮ್ಮ ಸದಸ್ಯರು ಈ ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಊರಿನ ಹೆಸರು ಹಾಕಿ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕೊಪ್ಪ: ನಮಸ್ಕಾರ ಅಣ್ಣ. ಪೆಟ್ರೋಲಿಗೆ ಟೂಟಿ ಆಯಿಲ್ (ಟೂ-ಸ್ಟ್ರೋಕ್ ಇಂಜಿನ್ನಿನ ಆಯಿಲ್) ಎಷ್ಟು ಹಾಕಬೇಕು?

ಮೆಕ್ಯಾನಿಕ್: ನಮಸ್ಕಾರ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಅಳತೆ ಲೋಟದಲ್ಲಿ ಅಳೆಯಿರಿ, ಕಣ್ಣಳತೆ ಬೇಡ. ಬೇರೆ ಕ್ಯಾನಿನಲ್ಲಿ ಬೆರೆಸಿ, ಚೆನ್ನಾಗಿ ಕುಲುಕಿ, ಆಮೇಲೆ ಟ್ಯಾಂಕಿಗೆ ಹಾಕಿ. ಬೆರೆಸಿದ್ದನ್ನು ತಿಂಗಳೊಳಗೆ ಮುಗಿಸಿ. ಕಾರಿನ ಇಂಜಿನ್ ಆಯಿಲ್ ಹಾಕಬೇಡಿ.

ಶೃಂಗೇರಿ: ಯಾವ ಕಂಪನಿಯದು ಒಳ್ಳೆಯದು? ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದೇ?

ಸೊರಬ: ಅಣ್ಣ, ನಮ್ಮ ಯಂತ್ರಕ್ಕೆ ನಾಲ್ಕು ವರ್ಷ. ಸೊಪ್ಪಿನ ಬೆಟ್ಟದ ಸುತ್ತ ಬೆಂಕಿ ರೇಖೆ (ಬೆಂಕಿ ದಾಟದಂತೆ ತರಗೆಲೆ ತೆಗೆದ ಪಟ್ಟಿ) ಬಿಡಿಸಲು ಬಳಸುತ್ತೇವೆ. ಇಳಿಜಾರಿನಲ್ಲಿ ಬಗ್ಗಿದಾಗ ಪೆಟ್ರೋಲ್ ವಾಸನೆ ಬರುತ್ತದೆ. ಕೆಲಸದ ಹುಡುಗನ ಅಂಗಿ ಸೊಂಟದ ಹತ್ತಿರ ಒದ್ದೆಯಾಗಿರುತ್ತದೆ, ಬೆವರು ಎಂದುಕೊಂಡಿದ್ದೆವು. ಸೊಂಟಪಟ್ಟಿಯ ಬಕಲ್ ಮುರಿದಿದೆ, ನೈಲಾನ್ ಹಗ್ಗ ಕಟ್ಟಿಕೊಳ್ಳುತ್ತಾನೆ. ಯಂತ್ರ ಮಾತ್ರ ಚೆನ್ನಾಗಿ ಓಡುತ್ತದೆ. ಈ ವಾರ ರೇಖೆ ಮುಗಿಸಿ ಅಂಚಿನ ಕಸಕ್ಕೆ ಬೆಂಕಿ ಕೊಡಬೇಕು. ಅಲ್ಲಿಯವರೆಗೆ ನಡೆಸಬಹುದೇ?

ಮೆಕ್ಯಾನಿಕ್: ನಡೆಸಬಾರದು. ನಾಳೆ ಆ ಹುಡುಗ ಯಂತ್ರ ಹೊರುವ ಮೊದಲೇ ಫೋನ್ ಮಾಡಿ ಹೇಳಿಬಿಡಿ.

ಚೆನ್ನಾಗಿ ಓಡುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸೋರುವ ಯಂತ್ರವೂ ಚೆನ್ನಾಗಿಯೇ ಓಡುತ್ತದೆ, ಅದಕ್ಕಾಗಿಯೇ ಯಾರೂ ಅದನ್ನು ನಿಲ್ಲಿಸುವುದಿಲ್ಲ. ಹೆಚ್ಚಿನ ಮಾದರಿಗಳಲ್ಲಿ ಟ್ಯಾಂಕು ಕೆಳಗೆ, ಸೊಂಟದ ಮಟ್ಟದಲ್ಲಿರುತ್ತದೆ. ಇಂಜಿನ್ ಮತ್ತು ಸೈಲೆನ್ಸರ್ ಅದರ ಪಕ್ಕದಲ್ಲೇ ಮೇಲಿರುತ್ತವೆ. ಬಿಸಿಯಾದ ಸೈಲೆನ್ಸರ್ ಚರ್ಮ ಸುಡುವಷ್ಟು ಕಾದಿರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬಟ್ಟೆಯಲ್ಲಿ ಇಳಿದು ಕಾಲಿನ ಕಡೆ ಹರಿಯುತ್ತದೆ. ಆ ಹುಡುಗ ಪೆಟ್ರೋಲಿನಲ್ಲಿ ನೆನೆದ ಅಂಗಿ ತೊಟ್ಟು ಬೆಂಕಿಯ ಪಕ್ಕಕ್ಕೆ ಹೋಗುತ್ತಾನೆ. ಅದಕ್ಕೆ ಹೊತ್ತಿಕೊಂಡರೆ ಯಂತ್ರವನ್ನು ಬಿಸಾಡಬೇಕು, ಆದರೆ ನೀವು ಹಗ್ಗ ಕಟ್ಟಿದ್ದೀರಿ. ಗಾಬರಿಯಲ್ಲಿ ನೈಲಾನ್ ಗಂಟು ಬಿಚ್ಚಲು ಯಾರಿಗೂ ಸಾಧ್ಯವಿಲ್ಲ, ಜೊತೆಗೆ ನೈಲಾನ್ ಕರಗಿ ಮೈಗೆ ಅಂಟುತ್ತದೆ. ಸೋರಿಕೆ ಸರಿಯಾದ ಮೇಲೂ, ಬಕಲ್ ಸಿಗುವವರೆಗೆ ಸೊಂಟಪಟ್ಟಿ ಕಟ್ಟದೆ ಭುಜದ ಪಟ್ಟಿಗಳ ಮೇಲಷ್ಟೇ ಹೊರಲಿ, ಹಗ್ಗ ಮಾತ್ರ ಬೇಡವೇ ಬೇಡ. ಹೊಸ ಬಕಲ್ ಬಂದ ಮೇಲೆ, ಇಂಜಿನ್ ಆರಿಸಿಟ್ಟು, ಒಂದೇ ಉಸಿರಿಗೆ ಯಂತ್ರ ಕೆಳಗಿಳಿಸುವುದನ್ನು ಅವನಿಂದ ನಾಲ್ಕಾರು ಬಾರಿ ಮಾಡಿಸಿ.

ಸೋರುವ ಜಾಗ ಹುಡುಕುವುದು ಹೀಗೆ. ಇಂಜಿನ್ ಪೂರ್ತಿ ತಣ್ಣಗಿರಲಿ. ಒಲೆ, ದೀಪ, ಬೀಡಿ ಇಲ್ಲದ ಬಯಲಿನಲ್ಲಿ ಯಂತ್ರವನ್ನು ಒರೆಸಿ, ಟ್ಯಾಂಕು ತುಂಬಿಸಿ, ಕೆಳಗೆ ರಟ್ಟು ಹಾಕಿ ನಿಲ್ಲಿಸಿ. ಆಮೇಲೆ ಬಗ್ಗಿದಂತೆ ವಾಲಿಸಿ ಹಿಡಿಯಿರಿ. ಮುಚ್ಚಳದ ಸುತ್ತ ಒದ್ದೆಯಾದರೆ ಅದರ ರಬ್ಬರ್ ರಿಂಗ್ ಹೋಗಿದೆ. ಕೆಲವರು ಅಲ್ಲಿಗೆ ಪ್ಲಾಸ್ಟಿಕ್ ಚೀಲದ ತುಂಡು ಇಟ್ಟು ತಿರುಗಿಸುತ್ತಾರೆ, ಅದು ಬೇಡ. ಪೈಪು ಟ್ಯಾಂಕಿನಿಂದ ಹೊರಬರುವ ಜಾಗದಲ್ಲಿ ಒದ್ದೆಯಾದರೆ ಪೈಪು ಅಥವಾ ಅದರ ಬುಷ್ ಸೀಳಿದೆ, ನಾಲ್ಕು ವರ್ಷದ ಯಂತ್ರದಲ್ಲಿ ನನ್ನ ಮೊದಲ ಅನುಮಾನ ಅಲ್ಲಿಗೇ. ಪೆಟ್ರೋಲ್ ಎಳೆಯಲು ಒತ್ತುವ ಗುಳ್ಳೆಯನ್ನೂ ಬೆರಳಿನಿಂದ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಅದೂ ಬದಲಾಗಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಇಂತಹ ಯಂತ್ರಗಳ ಅನೇಕ ತಯಾರಕರು ಶೇ 10ಕ್ಕಿಂತ ಹೆಚ್ಚು ಬೇಡ ಎಂದು ಪುಸ್ತಕದಲ್ಲೇ ಬರೆದಿದ್ದಾರೆ. ಅದು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ಹಳೆಯ ರಬ್ಬರ್ ಬೇಗ ಕೆಡುತ್ತದೆ.

ಬೆಂಕಿ ಕೊಡುವ ದಿನ ಬ್ಲೋವರ್ ಮನೆಯಲ್ಲೇ ಇರಲಿ. ಉರಿಯುವ ಅಂಚಿಗೆ ಗಾಳಿ ಹಿಡಿದರೆ ಕಿಡಿ ರೇಖೆಯನ್ನು ದಾಟುತ್ತದೆ, ತರಬೇತಿ ಇಲ್ಲದವರು ಮಾಡುವ ಕೆಲಸವಲ್ಲ ಅದು. ಬೆಟ್ಟ ಮೀಸಲು ಅರಣ್ಯಕ್ಕೆ ತಾಗಿದ್ದರೆ ಅರಣ್ಯ ಇಲಾಖೆಗೆ ಮೊದಲೇ ತಿಳಿಸಿ.

ಸೊರಬ: ಹೇಳಿದೆ ಅಣ್ಣ. ನಾಳೆ ಕೆಲಸ ನಿಲ್ಲಿಸಿದ್ದೇವೆ.

ಹೊಸನಗರ: ಸೋರಿಕೆಗೆ ಸುಲಭ ಉಪಾಯ ಬಂದಿದೆ, ನೋಡಿ: ‘ಸ್ನಾನದ ಸೋಪನ್ನು ಸೋರುವ ಜಾಗಕ್ಕೆ ಉಜ್ಜಿ, ಅರ್ಧ ಗಂಟೆ ಬಿಡಿ, ಜೀವಮಾನ ಸೋರುವುದಿಲ್ಲ. ಎಲ್ಲರಿಗೂ ಹಂಚಿ.’

ಮೆಕ್ಯಾನಿಕ್: ಹಂಚಬೇಡಿ. ಮೋಟಾರ್ ಸೈಕಲಿನ ತಗಡಿನ ಟ್ಯಾಂಕು ದಾರಿಯಲ್ಲಿ ತೂತಾದರೆ ಗ್ಯಾರೇಜಿನವರೆಗೆ ತಳ್ಳಿಕೊಂಡು ಹೋಗಲು ಜನ ಸೋಪು ಮೆತ್ತುತ್ತಿದ್ದರು. ಇಲ್ಲಿ ಸೋರುವುದು ನಡುಗುವ ರಬ್ಬರ್ ಪೈಪು, ಅದೂ ಮನುಷ್ಯನ ಬೆನ್ನಿನ ಮೇಲೆ. ಪೈಪಿನ ಬೆಲೆಗಾಗಿ ಯಾರನ್ನೂ ಸುಡಬೇಡಿ.

ಕಳಸ: ಪೆಟ್ರೋಲಿಗೆ ಎಷ್ಟು ಆಯಿಲ್?

ಮೆಕ್ಯಾನಿಕ್: ಕೊಪ್ಪದವರಿಗೆ ಬರೆದಿದ್ದೇನೆ.

ತೀರ್ಥಹಳ್ಳಿ: ಯಂತ್ರದ ಮಾತು ಇರಲಿ. ದರಕನ್ನು, ಅಂದರೆ ಒಣ ತರಗೆಲೆಯನ್ನು, ಊದಿ ಓಡಿಸುವುದೇ ತಪ್ಪು. ತೋಟದ ತೇವ ಕಾಯುವುದು ಅದೇ, ಗೊಬ್ಬರವಾಗುವುದೂ ಅದೇ. ನಮ್ಮ ಹಿರಿಯರು ದರಕು ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಿದ್ದರು. ನೀವು ಊದಿ ಹಳ್ಳಕ್ಕೆ ತಳ್ಳುತ್ತಿದ್ದೀರಿ.

ಯಲ್ಲಾಪುರ: ಇಲ್ಲಿ ತೋಟದೊಳಗೆ ಊದುವ ಮಾತು ಯಾರು ಆಡಿದರು? ಬೆಂಕಿ ರೇಖೆಯ ಮಾತು ನಡೆಯುತ್ತಿದೆ. ದರಕು ಹೊರಲು ಈಗ ಜನ ಎಲ್ಲಿದ್ದಾರೆ? ನೀವು ಹೊರುತ್ತೀರಾ?

ತೀರ್ಥಹಳ್ಳಿ: ಹೊರುತ್ತೇನೆ. ಹೊತ್ತಿದ್ದೇನೆ.

ಗುಂಡ್ಲುಪೇಟೆ: 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ನಮ್ಮ ಊರಿನ ಮೇಲೆ ಬೂದಿ ಬಿದ್ದಿತ್ತು. ರೇಖೆ ಸ್ವಚ್ಛವಾಗಿರಬೇಕು ಎಂದು ಹೇಳುವವರನ್ನು ಹಂಗಿಸಬೇಡಿ. ಕಾಡಿನ ರೇಖೆಗೂ ತೋಟದ ಮುಚ್ಚಿಗೆಗೂ ಹೋಲಿಕೆ ಇಲ್ಲ.

ತೀರ್ಥಹಳ್ಳಿ: ನಾನು ಯಾರನ್ನೂ ಹಂಗಿಸಲಿಲ್ಲ. ನಮ್ಮ ಪಕ್ಕದ ತೋಟದವರು ಬುಡದವರೆಗೆ ಊದಿಸಿದ್ದಾರೆ, ಬೇರು ಕಾಣುತ್ತಿದೆ. ಅದನ್ನು ನೋಡಿ ಹೇಳಿದೆ.

ಸಿದ್ದಾಪುರ: ಇನ್ನೊಂದು ಅನುಮಾನ. ನಮ್ಮ ಕಡೆ ಮಂಗನ ಕಾಯಿಲೆ ಇದೆ. ಅದನ್ನು ಹರಡುವ ಉಣುಗು ದರಕಿನಲ್ಲಿ ಇರುತ್ತದೆ. ಊದಿದರೆ ಅದು ಮೈಮೇಲೆ ಬರುತ್ತದೆಯೇ?

ಮೆಕ್ಯಾನಿಕ್: ಈ ಪ್ರಶ್ನೆಗೆ ಉತ್ತರಿಸಬೇಕಾದವರು ಆಸ್ಪತ್ರೆಯವರು. ಕೆಲಸದ ಉಡುಪಿನ ಬಗ್ಗೆ ಮಾತ್ರ ಹೇಳುತ್ತೇನೆ: ಪೂರ್ತಿ ಕಾಲಿನ ಪ್ಯಾಂಟು, ಗಮ್ ಬೂಟು, ತುಂಬು ತೋಳಿನ ಹತ್ತಿ ಅಂಗಿ, ಕಣ್ಣಿಗೆ ಕನ್ನಡಕ. ಲುಂಗಿ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಈ ಯಂತ್ರ ಹೊರಬಾರದು, ಫ್ಯಾನ್ ಗಾಳಿ ಎಳೆಯುವ ಬಾಯಿಗೆ ಟವೆಲ್ ಹೋಗುತ್ತದೆ.

ಸಿದ್ದಾಪುರ: ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡೇ ಹೋಗುತ್ತೇವೆ. ಧನ್ಯವಾದ.

ಶೃಂಗೇರಿ: ಬ್ಯಾಟರಿ ಬ್ಲೋವರ್ ಹೇಗೆ?

ಬಾಳೆಹೊನ್ನೂರು: ಕಿವಿಗೆ ಹತ್ತಿ ಇಟ್ಟರೆ ಸಾಕಲ್ಲವೇ?

ಮೆಕ್ಯಾನಿಕ್: ಸಾಲದು. ದೊಡ್ಡ ಬ್ಲೋವರ್ ಹೊತ್ತವನ ಕಿವಿಯ ಬಳಿ ಸದ್ದು 100 ಡೆಸಿಬೆಲ್ ಆಸುಪಾಸು ಇರುತ್ತದೆ. 85 ಡೆಸಿಬೆಲ್ ಎಂಟು ಗಂಟೆಯ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಲೆಕ್ಕ ಹಾಕಿದರೆ ಹದಿನೈದು ನಿಮಿಷ. ಕಿವಿಯ ಮೇಲೆ ಕೂರುವ ಮಫ್ ತೆಗೆದುಕೊಳ್ಳಿ. ಮಫ್ ಹಾಕಿದವನಿಗೆ ಕೂಗು ಕೇಳಿಸುವುದಿಲ್ಲ, ಕೈಸನ್ನೆ ಮೊದಲೇ ಗೊತ್ತು ಮಾಡಿಕೊಳ್ಳಿ.

ನರಸಿಂಹರಾಜಪುರ: ಆಯಿಲ್ ಅಳತೆ ಯಾರಾದರೂ ಹೇಳಿ.

ಮೆಕ್ಯಾನಿಕ್: ಮೇಲೆ ಓದಿ.

ಯಲ್ಲಾಪುರ: ತೀರ್ಥಹಳ್ಳಿಯವರೇ, ಪಕ್ಕದ ತೋಟದವರ ಜಗಳವನ್ನು ಇಲ್ಲಿಗೆ ತರಬೇಡಿ.

ತೀರ್ಥಹಳ್ಳಿ: ನೀವು ನನಗೆ ಬುದ್ಧಿ ಹೇಳುವ ಮೊದಲು ನಿಮ್ಮ ಬೆಟ್ಟದಲ್ಲಿ ಮಣ್ಣು ಎಷ್ಟು ಉಳಿದಿದೆ ನೋಡಿಕೊಳ್ಳಿ.

ನಿರ್ವಾಹಕರು: ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಮೂಡಿಗೆರೆ: ಕಾಫಿ ಗೋದಾಮಿನ ದೂಳು ಊದಿಸಿದೆವು. ದೂಳು ಕಣಕ್ಕೆ ಹಾರಬಾರದೆಂದು ಬಾಗಿಲು ಎಳೆದಿದ್ದೆವು. ಇಬ್ಬರಿಗೆ ತಲೆನೋವು, ಒಬ್ಬರಿಗೆ ವಾಂತಿ. ದೂಳಿಗೆ ಬೆಲ್ಲದ ನೀರು ಒಳ್ಳೆಯದೆಂದು ಬಂದ ಸಂದೇಶ ನೋಡಿ ಕೊಟ್ಟಿದ್ದೇವೆ. ಇನ್ನೂ ಅರ್ಧ ಗೋದಾಮು ಬಾಕಿ.

ಮೆಕ್ಯಾನಿಕ್: ಅದು ದೂಳಲ್ಲ. ಇಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ, ಮುಖಕ್ಕೆ ಕಟ್ಟಿದ ಬಟ್ಟೆಯಾಗಲಿ ದೂಳಿನ ಮಾಸ್ಕ್ ಆಗಲಿ ತಡೆಯುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂರುತ್ತದೆ. ಬೆಲ್ಲಕ್ಕೆ ಅದನ್ನು ಎಬ್ಬಿಸುವ ಶಕ್ತಿ ಇಲ್ಲ. ತಲೆನೋವು, ವಾಂತಿ, ಆಮೇಲೆ ಕಾಲು ಸೋಲುವುದು, ಆಮೇಲೆ ಪ್ರಜ್ಞೆ ತಪ್ಪುವುದು. ತಲೆನೋವು, ವಾಂತಿ ಆದ ಎಲ್ಲರನ್ನೂ ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮುಚ್ಚಿದ ಕೋಣೆಯಲ್ಲಿ ಪೆಟ್ರೋಲ್ ಇಂಜಿನ್ ನಡೆದಿತ್ತು ಎಂದು ಡಾಕ್ಟರಿಗೆ ಅದೇ ಮಾತಿನಲ್ಲಿ ಹೇಳಿ. ಮಂಕಾಗಿದ್ದರೆ 108ಕ್ಕೆ ಕರೆ ಮಾಡಿ. ಉಳಿದ ಅರ್ಧವನ್ನು ಪೊರಕೆಯಲ್ಲಿ ಗುಡಿಸಿ. ಬಾಗಿಲು ತೆರೆದಿಟ್ಟರೂ ಸೂರಿನ ಕೆಳಗೆ ಈ ಯಂತ್ರ ನಡೆಸಬಾರದು.

ಮೂಡಿಗೆರೆ: ಹೊರಟೆವು.

ಹೊಸನಗರ: ಬೆಲ್ಲ ದೇಹಕ್ಕೆ ಒಳ್ಳೆಯದು ಎಂಬುದನ್ನು ಅಲ್ಲಗಳೆಯುವುದು ಸರಿಯಲ್ಲ. ನಮ್ಮ ಸಂಪ್ರದಾಯದಲ್ಲಿ...

ಮೆಕ್ಯಾನಿಕ್: ಊಟದ ನಂತರ ತಿನ್ನಿ. ಇಲ್ಲಿ ಒಬ್ಬರು ಆಸ್ಪತ್ರೆಗೆ ಹೊರಟಿದ್ದಾರೆ.

ಹೊಸನಗರ: ಹಾಗಾದರೆ ಇದಕ್ಕಾದರೂ ಉತ್ತರಿಸಿ. ಪೆಟ್ರೋಲಿಗೆ ನೀರು ಹಾಕಿ ಕುಲುಕಿದರೆ ಎಥನಾಲ್ ಕೆಳಗಿಳಿಯುತ್ತದೆ, ಮೇಲಿನದನ್ನು ಬಳಸಿ ಎಂದು ವಿಡಿಯೊ ಬಂದಿದೆ.

ಮೆಕ್ಯಾನಿಕ್: ಇಳಿಯುತ್ತದೆ. ಮೇಲಿನ ಪೆಟ್ರೋಲಿನ ಆಕ್ಟೇನ್ ಕೂಡ ಇಳಿಯುತ್ತದೆ, ಸ್ವಲ್ಪ ನೀರೂ ಕಾರ್ಬ್ಯುರೇಟರಿಗೆ ಹೋಗುತ್ತದೆ. ಮನೆಯಂಗಳದಲ್ಲಿ ತೆರೆದ ಬಕೆಟಿನಲ್ಲಿ ಪೆಟ್ರೋಲ್ ಕುಲುಕುವವರಿಗೆ ನಾನು ರಿಪೇರಿ ಮಾಡಿಕೊಡುವುದಿಲ್ಲ. ಬೇಕಾದಷ್ಟೇ ಬೆರೆಸಿ, ಹಂಗಾಮು ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ಪೈಪಿನಲ್ಲಿ ಉಳಿದದ್ದು ತೀರಿ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಹೊಸನಗರ: ಉತ್ತರಿಸುವ ರೀತಿ ಇದಲ್ಲ.

ಸಕಲೇಶಪುರ: ಹತ್ತು ನಿಮಿಷ ಓಡಿದ ಮೇಲೆ ನಮ್ಮದು ಸೊರಗುತ್ತದೆ, ಗಾಳಿಗೆ ಬಲವಿಲ್ಲ. ಏರ್ ಫಿಲ್ಟರ್ ತೊಳೆದಾಗಿದೆ. ಪ್ಲಗ್ ಹೊಸದು. ಸೈಲೆನ್ಸರಿನ ಜಾಲರಿ ತೆಗೆದುಬಿಟ್ಟರೆ ಸರಿಹೋಗುತ್ತದೆ ಎನ್ನುತ್ತಾರೆ.

ಮೆಕ್ಯಾನಿಕ್: ಕಾರಣ ಅಲ್ಲೇ ಇರಬಹುದು, ಪರಿಹಾರ ಅದಲ್ಲ. ಆ ಜಾಲರಿ ಕಿಡಿ ಹಿಡಿಯುವುದಕ್ಕೆ ಇದೆ. ಆಯಿಲ್ ಹೆಚ್ಚಾದರೆ, ಅಥವಾ ಯಾವಾಗಲೂ ಅರ್ಧ ವೇಗದಲ್ಲೇ ಓಡಿಸಿದರೆ, ಮಸಿ ಕಟ್ಟಿ ಅದು ಮುಚ್ಚುತ್ತದೆ. ತಣ್ಣಗಾದ ಮೇಲೆ ಬಿಚ್ಚಿ ತಂತಿ ಬ್ರಷ್‌ನಿಂದ ಉಜ್ಜಿ, ಹರಿದಿದ್ದರೆ ಹೊಸದು ಹಾಕಿ. ಹಳೆಯ ಪ್ಲಗ್ ಇದ್ದರೆ ಅದರ ತುದಿ ನೋಡಿ. ತಿಳಿಗಂದು ಇದ್ದರೆ ಸರಿ. ಕಪ್ಪಾಗಿ ಜಿಡ್ಡಾಗಿದ್ದರೆ ಅಳತೆ ತಪ್ಪಿದೆ. ಬೆಳ್ಳಗಿದ್ದರೆ ಇಂಜಿನ್ ಮಿತಿ ಮೀರಿ ಕಾಯುತ್ತಿದೆ, ಓಡಿಸದೆ ತನ್ನಿ. ಜಾಲರಿ ಇಲ್ಲದೆ ಒಣ ದರಕಿನ ಮೇಲೆ ಹೋಗಬೇಡಿ.

ಸಕಲೇಶಪುರ: ಫೋಟೊ ಹಾಕಿದ್ದೇನೆ, ಕಪ್ಪಾಗಿದೆ.

ಮೆಕ್ಯಾನಿಕ್: ಲೀಟರಿಗೆ ಎಷ್ಟು ಹಾಕುತ್ತಿದ್ದೀರಿ?

ಸಕಲೇಶಪುರ: ಒಂದು ಮುಚ್ಚಳ. ಕೆಲವೊಮ್ಮೆ ಎರಡು.

ಮೆಕ್ಯಾನಿಕ್: ಅಳೆಯಿರಿ. ನಾಳೆ ಅಂಗಡಿಗೆ ಜಾಲರಿ ತನ್ನಿ, ತೋರಿಸುತ್ತೇನೆ.

ಯಲ್ಲಾಪುರ: ಮಣ್ಣಿನ ಮಾತಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ನಮ್ಮ ಬೆಟ್ಟದಲ್ಲಿ ರೇಖೆಯ ಅಗಲ ಬಿಟ್ಟರೆ ಒಂದು ಎಲೆಯನ್ನೂ ಕದಲಿಸಿಲ್ಲ.

ತೀರ್ಥಹಳ್ಳಿ: ಬಂದು ನೋಡುತ್ತೇನೆ.

ಶೃಂಗೇರಿ: ಬ್ಯಾಟರಿ ಬ್ಲೋವರ್ ಬಗ್ಗೆ ಕೇಳಿದ್ದೆ.