ಪ್ರಿಸಂ ವರದಿಯಲ್ಲಿ ‘ಸರ್ವರ್‌ಗೆ ನೇರ ಪ್ರವೇಶ’ ಎಂದದ್ದು ಸರಿಯೇ?

ಪ್ರಶ್ನೆ
ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ, ಪ್ರಿಸಂ ಎಂಬ ಗುಪ್ತ ಯೋಜನೆಯಡಿ ಒಂಬತ್ತು ಇಂಟರ್ನೆಟ್ ಕಂಪನಿಗಳ ಸರ್ವರ್‌ಗೇ ನೇರವಾಗಿ ಕೈಹಾಕಿದೆ ಎಂದು 2013ರ ಜೂನ್ 6ರಂದು ವಾಷಿಂಗ್ಟನ್ ಪೋಸ್ಟ್, ಗಾರ್ಡಿಯನ್ ಬರೆದವು. ಗೂಗಲ್, ಆಪಲ್, ಫೇಸ್‌ಬುಕ್ ಖಡಾಖಂಡಿತವಾಗಿ ಅಲ್ಲಗಳೆದವು. ಈಗ ಈ ಬಗ್ಗೆ ಬರೆಯುವವರು ಯಾವುದನ್ನು ನಂಬಬೇಕು?

ಉತ್ತರ 1
ಎನ್‌ಎಸ್‌ಎ ದಾಖಲೆಗಳನ್ನು ಬಯಲಿಗೆ ತಂದ ಎಡ್ವರ್ಡ್ ಸ್ನೋಡೆನ್ ಕೊಟ್ಟ ಸ್ಲೈಡಿನಲ್ಲೇ ‘ಸರ್ವರ್‌ಗಳಿಂದ ನೇರವಾಗಿ ಸಂಗ್ರಹ’ ಎಂದಿದೆ. ಆದರೆ ಸ್ಲೈಡನ್ನು ಪೂರ್ತಿ ನೋಡಿ. ಮೇಲೆ ‘ಅಪ್‌ಸ್ಟ್ರೀಮ್’, ಅಂದರೆ ಫೈಬರ್ ಕೇಬಲ್‌ನಲ್ಲಿ ಹರಿಯುವಾಗಲೇ ಹಿಡಿಯುವುದು. ಅದರ ಕೆಳಗೆ ಪ್ರಿಸಂ. ಕೇಬಲ್‌ನಿಂದಲ್ಲ, ಕಂಪನಿಯಿಂದ ಎಂಬಷ್ಟೇ ಅರ್ಥ ಆ ‘ನೇರ’ಕ್ಕೆ ಹೊಂದುತ್ತದೆ.

ಕೆಲಸ ನಡೆಯುವ ಬಗೆ ಅಮೆರಿಕದ ಖಾಸಗಿತನ ಮೇಲ್ವಿಚಾರಣಾ ಮಂಡಳಿ ಪಿಸಿಎಲ್‌ಒಬಿಯ 2014ರ ಜುಲೈ ವರದಿಯಲ್ಲಿ ಸ್ಪಷ್ಟವಾಗಿದೆ. ವಿದೇಶಿ ಬೇಹುಗಾರಿಕೆಗೆ ಸಂಬಂಧಿಸಿದ ಫೈಸಾ ಕಾಯ್ದೆಯ 702ನೇ ಸೆಕ್ಷನ್ ಅಡಿ ಕಂಪನಿಗೆ ಆದೇಶ ಹೋಗುತ್ತದೆ. ಎನ್‌ಎಸ್‌ಎ ಒಂದು ‘ಸೆಲೆಕ್ಟರ್’ ಆರಿಸುತ್ತದೆ, ಉದಾಹರಣೆಗೆ ಒಂದು ಇಮೇಲ್ ವಿಳಾಸ. ಅದು ಎಫ್‌ಬಿಐ ಮೂಲಕ ಕಂಪನಿಗೆ ತಲುಪುತ್ತದೆ. ಆ ವಿಳಾಸಕ್ಕೆ ಬಂದ, ಅಲ್ಲಿಂದ ಹೋದ ಸಂದೇಶಗಳನ್ನು ಕಂಪನಿಯೇ ಒಪ್ಪಿಸಬೇಕು. ಒಂದೊಂದು ವಿಳಾಸಕ್ಕೂ ನ್ಯಾಯಾಧೀಶರ ವಾರಂಟ್ ಇರುವುದಿಲ್ಲ. ನಿಜಕ್ಕೂ ಆತಂಕಪಡಬೇಕಾದ ಸಂಗತಿ ಇದು. ‘ನೇರ ಪ್ರವೇಶ’ದ ಗದ್ದಲದಲ್ಲಿ ಮುಚ್ಚಿಹೋಯಿತು.

ಉತ್ತರ 2
ವಾಷಿಂಗ್ಟನ್ ಪೋಸ್ಟ್ ಮರುದಿನವೇ ವರದಿ ತಿದ್ದಿ, ಕಂಪನಿಗಳು ‘ಗೊತ್ತಿದ್ದೇ’ ಭಾಗವಹಿಸಿವೆ ಎಂಬ ಮಾತನ್ನು ತೆಗೆಯಿತು. ಹಾಗಾಗಿ ಉಲ್ಲೇಖಿಸುವಾಗ ಯಾವ ದಿನದ ಆವೃತ್ತಿ ಎಂದು ಬರೆಯಿರಿ; ಹಳೆಯದು ಬೇಕಿದ್ದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ.

ಹಾಗೆಂದು ಕಂಪನಿಗಳ ನಿರಾಕರಣೆಯನ್ನು ಕೊನೆಯ ಮಾತು ಎಂದುಕೊಳ್ಳಬೇಡಿ. ಅದೇ ವರ್ಷ ಅಕ್ಟೋಬರ್ 30ರಂದು ಮಸ್ಕ್ಯುಲರ್ ಎಂಬ ಇನ್ನೊಂದು ಯೋಜನೆ ಬಯಲಾಯಿತು: ಗೂಗಲ್, ಯಾಹೂ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕಕ್ಕೇ ಎನ್‌ಎಸ್‌ಎ ಮತ್ತು ಬ್ರಿಟನ್ನಿನ ಬೇಹುಗಾರಿಕೆ ಸಂಸ್ಥೆ ಜಿಸಿಎಚ್‌ಕ್ಯು ಕನ್ನ ಹಾಕಿದ್ದವು. ಎನ್‌ಎಸ್‌ಎ ಸ್ಲೈಡಿನ, ಕೈಯಲ್ಲಿ ಗೀಚಿದ ಚಿತ್ರದಲ್ಲಿ ಗೂಗಲ್‌ನ ಹೊರಬಾಗಿಲ ಸರ್ವರ್‌ನತ್ತ ಬಾಣ ಎಳೆದು, ಎಸ್‌ಎಸ್‌ಎಲ್ (ಡೇಟಾಗೆ ಹಾಕುವ ಗೂಢಲಿಪಿಯ ರಕ್ಷಣೆ) ಸೇರುವುದೂ ಕಳಚುವುದೂ ಇಲ್ಲೇ ಎಂದು ಬರೆದು, ಪಕ್ಕದಲ್ಲೊಂದು ನಗುಮುಖ. ಆ ಬಾಗಿಲಿನ ಒಳಗೆ ಡೇಟಾ ಗೂಢಲಿಪಿಯಿಲ್ಲದೆ ಓಡಾಡುತ್ತಿತ್ತು. ಕಂಪನಿಗಳಿಗೆ ಗೊತ್ತಿಲ್ಲದೆ ನಡೆದದ್ದು ಇದು. ಪ್ರಿಸಂ ಜತೆ ಇದನ್ನು ಕಲಸಿದರೆ ಎರಡೂ ತಪ್ಪಾಗುತ್ತವೆ.

ಉತ್ತರ 3
ಅಂಕಿಗಳಲ್ಲೂ ಎಡವುತ್ತಾರೆ. ಮಸ್ಕ್ಯುಲರ್ ದಾಖಲೆಯ 18,12,80,466 ಎಂಬುದು 30 ದಿನಗಳ ರೆಕಾರ್ಡ್‌ಗಳ ಲೆಕ್ಕ, ಜನರದ್ದಲ್ಲ. 2013ರಲ್ಲಿ 702ರ ಅಡಿ 89,138 ಗುರಿಗಳಿದ್ದವು ಎಂದು ಸರ್ಕಾರ ಅಂದಾಜು ಕೊಟ್ಟಿತು. ಗುರಿಯೊಂದಿಗೆ ಮಾತಾಡಿ ಬಲೆಗೆ ಬಿದ್ದವರು ಅದರಲ್ಲಿ ಸೇರಿಲ್ಲ. ಇನ್ನು ನಾರ್ವೆಯಲ್ಲಿ 3.3 ಕೋಟಿ ಕರೆಗಳ ಮಾಹಿತಿಯನ್ನು ಎನ್‌ಎಸ್‌ಎ ಕದ್ದಿತು ಎಂದು ಸುದ್ದಿಯಾದಾಗ, ಅದು ವಿದೇಶದಲ್ಲಿ ತಾವೇ ಸಂಗ್ರಹಿಸಿ ಅಮೆರಿಕಕ್ಕೆ ಕೊಟ್ಟದ್ದು ಎಂದು ನಾರ್ವೆಯ ಸೇನಾ ಗುಪ್ತಚರ ವಿಭಾಗವೇ ಹೇಳಿತು. ಎನ್‌ಎಸ್‌ಎ ನಕ್ಷೆಯಲ್ಲಿ ದೇಶದ ಹೆಸರಿದ್ದ ಮಾತ್ರಕ್ಕೆ ಆ ದೇಶದವರ ಕರೆ ಎಂದಲ್ಲ.

ಪ್ರಶ್ನೆ ಕೇಳಿದವರು
ಹಾಗಿದ್ದರೆ ಪ್ರಿಸಂ ಬಗ್ಗೆ ‘702ರ ಆದೇಶದಂತೆ, ಗುರುತಿಸಿದ ಖಾತೆಗಳ ಮಾಹಿತಿಯನ್ನು ಕಂಪನಿಗಳಿಂದ ಪಡೆಯುವ ಯೋಜನೆ’ ಎಂದರೆ ಸಾಕೇ?

ಉತ್ತರ 1
‘ಕಡ್ಡಾಯವಾಗಿ’ ಸೇರಿಸಿ. ಕಂಪನಿಗಳು ಒಲ್ಲೆ ಎನ್ನುವಂತಿರಲಿಲ್ಲ: ಇಂಥ ಆದೇಶದ ವಿರುದ್ಧ ಯಾಹೂ ಕೋರ್ಟಿನಲ್ಲಿ ಹೋರಾಡಿ 2008ರಲ್ಲಿ ಸೋತಿತ್ತು.