ಮಷಿನ್ ಜಾಗ ಬದಲಿಸಿದ ಮೇಲೆ ಹಲಗೆ ಜಾಯಿಂಟ್ ಕೂರುತ್ತಿಲ್ಲ, ಟೇಬಲ್ ಸರಿ ಮಾಡೋದು ಹೇಗೆ?

ಪ್ರಶ್ನೆ: ಅಣ್ಣ, ನಮಸ್ಕಾರ. ಸಾಗರದ ಹತ್ತಿರ ನಮ್ಮದೊಂದು ಸಣ್ಣ ಮರಗೆಲಸದ ಶೆಡ್ ಇದೆ. 12 ಇಂಚಿನ ಮಲ್ಟಿಪರ್ಪಸ್ ಮಷಿನ್ ಇಟ್ಟಿದ್ದೇವೆ. ಪ್ಲೇನಿಂಗ್, ಪಕ್ಕದಲ್ಲಿ ಸರ್ಕ್ಯುಲರ್ ಗರಗಸ, ಶಾಫ್ಟ್ ತುದಿಯಲ್ಲಿ ಡ್ರಿಲ್, ಎಲ್ಲಾ ಒಂದರಲ್ಲೇ. ಹೊಸ ಶೆಡ್ಡಿಗೆ ಸಾಗಿಸುವಾಗ ಟೇಬಲ್ ಎರಡನ್ನೂ ಬಿಚ್ಚಿ ಮತ್ತೆ ಕೂರಿಸಿದೆವು. ಆಮೇಲಿಂದ ಕಾಟ ಶುರು. ಬಾಗಿಲಿಗೆ ಅಂತ ನಾಲ್ಕಡಿ ಹಲಸಿನ ಹಲಗೆಗಳ ಅಂಚು ಕೀಸಿ ಜೋಡಿಸಿದರೆ ನಡುವೆ ತಾಗುತ್ತದೆ, ಎರಡೂ ತುದಿಯಲ್ಲಿ ಸಂದಿ. ಬ್ಲೇಡ್ ಹೊಸದು. ಟೇಬಲ್ ಗ್ರೈಂಡಿಂಗ್‌ಗೆ ಕೊಡೋಣ ಅಂತಾರೆ ನಮ್ಮ ಹುಡುಗರು. ಕೊಡಬಹುದಾ?

ಉತ್ತರ (ಮಷಿನ್ ಫಿಟ್ಟರ್): ಬೇಡ ತಮ್ಮ. ಜಾಗ ಬದಲಿಸುವ ತನಕ ಸರಿಯಿದ್ದ ಟೇಬಲ್ ದಾರಿಯಲ್ಲಿ ಸವೆಯೋದಿಲ್ಲ. ಅದು ಕೂತಿರುವ ರೀತಿ ತಪ್ಪಿದೆ, ಅಷ್ಟೆ.

ನೀವು ಹೇಳಿದ್ದರಲ್ಲೇ ಸುಳಿವಿದೆ. ನಡುವೆ ತಾಗಿ ತುದಿ ಬಿಟ್ಟಿದೆ ಅಂದರೆ ಹಲಗೆ ನಡುವೆ ಉಬ್ಬಿದೆ. ಟೇಬಲ್‌ಗಳ ಹೊರತುದಿ ಮೇಲೆದ್ದು ಕಟ್ಟರ್ (ಎರಡು ಟೇಬಲ್ ನಡುವೆ ಬ್ಲೇಡ್ ಹೊತ್ತು ತಿರುಗುವ ಉರುಳೆ) ಕಡೆ ತಗ್ಗಾದಾಗ ಹೀಗಾಗುತ್ತದೆ. ಹಲಗೆಯ ಎರಡು ತುದಿ ಟೇಬಲ್ ಮೇಲೆ ಕೂತು, ನಡುಭಾಗ ಬ್ಲೇಡ್‌ನಿಂದ ಮೇಲೇಳುತ್ತದೆ. ಅಲ್ಲಿ ಕಮ್ಮಿ ಕೀಸುತ್ತದೆ.

ಮೊದಲು ಪ್ಲಗ್ ಕಿತ್ತುಹಾಕಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಬೆಲ್ಟನ್ನೂ ತೆಗೆದುಬಿಡಿ.

ಆಮೇಲೆ ನೆಲ ನೋಡಿ. ಬುಡದ ನಾಲ್ಕೂ ಬೋಲ್ಟ್ ಸಡಿಲ ಮಾಡಿ. ಯಾವುದಾದರೂ ಕಾಲು ನೆಲ ಬಿಟ್ಟು ನಿಂತಿದೆಯಾ? ಇದ್ದರೆ ಅದರಡಿ ತಗಡು ಕೊಟ್ಟು ತುಂಬಿಸಿ, ಆಮೇಲೆ ಬಿಗಿ ಮಾಡಿ. ತೇಲುವ ಕಾಲನ್ನು ಸುಮ್ನೆ ಬೋಲ್ಟ್ ಹಾಕಿ ಎಳೆದರೆ ಇಡೀ ಬಾಡಿ ತಿರುಚಿಕೊಳ್ಳುತ್ತದೆ, ಟೇಬಲ್ ಕೂಡ ಅದರ ಜೊತೆಗೇ. ನಾನು ನೋಡಿರುವ ಹೆಚ್ಚಿನ ಮಷಿನ್‌ಗಳಲ್ಲಿ ರೋಗ ಇಲ್ಲೇ ಇರುತ್ತದೆ. ಆದರೆ ಎಲ್ಲರೂ ಸ್ಪ್ಯಾನರ್ ಹಿಡಿದು ಟೇಬಲ್‌ಗೇ ಕೈ ಹಾಕುತ್ತಾರೆ.

ಎರಡನೆಯದು, ಟೇಬಲ್ ಜಾರುವ ಇಳಿಜಾರಿನ ಹಳಿ. ಟೇಬಲ್ ಎತ್ತಿ ಹಳಿಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ಮರದ ಪುಡಿಗೆ ಅಂಟು ಸೇರಿ ಪದರ ಕಟ್ಟಿರುತ್ತದೆ, ಕಣ್ಣಿಗೆ ಕಬ್ಬಿಣದ ಹಾಗೇ ಕಾಣುತ್ತದೆ. ಉಗುರಲ್ಲಿ ಕೆರೆದು ನೋಡಿ. ಹೊರತುದಿ ಕಡೆ ಆ ಪದರ ಕೂತಿದ್ದರೆ ಟೇಬಲ್ ಆ ಕಡೆ ಏಳಲೇಬೇಕು, ಅಲ್ವಾ? ವಾಪಸ್ ಕೂರಿಸಿದ ಮೇಲೆ ಟೇಬಲ್ ತುದಿ ಹಿಡಿದು ಎತ್ತಿ ನೋಡಿ. ಟಕ್ ಅಂತ ಸದ್ದು ಬಂದರೆ ಹಳಿಯ ಪಕ್ಕದಲ್ಲಿ ಟೇಬಲ್ ಅಲುಗದಂತೆ ಒತ್ತಿ ಹಿಡಿಯುವ ಪಟ್ಟಿಯ ಸ್ಕ್ರೂಗಳು ಸಡಿಲ. ಸ್ವಲ್ಪ ಬಿಗಿ ಮಾಡಿ. ಹ್ಯಾಂಡಲ್ ತಿರುಗಿಸುವಾಗ ಲೈಟಾಗಿ ಬಿಗಿ ಅನಿಸಬೇಕು.

ಇಷ್ಟಾದ ಮೇಲೆ ಅಳತೆ. ಬ್ಲೇಡ್ ಮೇಲ್ಗಡೆ ಇಲ್ಲದ ಹಾಗೆ ಕಟ್ಟರ್ ತಿರುಗಿಸಿ. ನೇರ ಪಟ್ಟಿಯನ್ನು ಔಟ್‌ಫೀಡ್ ಮೇಲೆ, ಅಂದರೆ ಕೀಸಿದ ಹಲಗೆ ಹೋಗಿ ಕೂರುವ ಕಡೆ ಒತ್ತಿ ಹಿಡಿದು ಇನ್‌ಫೀಡ್, ಅಂದರೆ ಹಲಗೆ ಒಳಗೆ ತಳ್ಳುವ ಕಡೆಯ ಟೇಬಲ್ ಮೇಲಕ್ಕೂ ಚಾಚಿ. ಇನ್‌ಫೀಡ್ ಅನ್ನು ನಿಧಾನಕ್ಕೆ ಏರಿಸಿ. ಹೊರತುದಿ ಮೊದಲು ತಾಗಿ, ಕಟ್ಟರ್ ಹತ್ತಿರ ಬೆಳಕು ಕಂಡರೆ ಟೇಬಲ್ ಇನ್ನೂ ಓರೆ ಇದೆ. ಎರಡು ಅಂಚಲ್ಲೂ, ಮೂಲೆಯಿಂದ ಮೂಲೆಗೂ ನೋಡಿ. ಸಂದಿ ಅಳೆಯಲು ಬೈಕ್ ಸ್ಪೇರ್ಸ್ ಅಂಗಡಿಯ ಟ್ಯಾಪೆಟ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಎಲೆಗಳ ಗೊಂಚಲು) ಸಾಕು.

ಇನ್ನೂ ಓರೆ ಉಳಿದಿದ್ದರೆ ಮಾತ್ರ ಹಳಿಯ ಕಟ್ಟರ್ ಕಡೆಯ ಭಾಗದಲ್ಲಿ ತೆಳು ಹಿತ್ತಾಳೆ ತಗಡು ಕೊಡಿ. ಒಳತುದಿ ಏರಿದರೆ ಹೊರತುದಿ ತಗ್ಗುತ್ತದೆ. ಪೇಪರ್ ಮಡಚಿ ಇಡಬೇಡಿ, ಎಣ್ಣೆ ಕುಡಿದು ನಜ್ಜುಗುಜ್ಜಾಗುತ್ತದೆ. ತಗಡು ಹಾಕಿ, ಬಿಗಿ ಮಾಡಿ, ಮತ್ತೆ ಅಳೆಯಿರಿ. ಒಂದೇ ಸಲಕ್ಕೆ ಸರಿಹೋಗುವ ಕೆಲಸ ಅಲ್ಲ ಇದು.

ಇನ್ನೊಬ್ಬ ಸದಸ್ಯ: ಸರ್, ನೇರ ಪಟ್ಟಿಯ ಬದಲಿಗೆ ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ಸಿಗುವ ಬಾಕ್ಸ್ ಪೈಪ್ ಆಗುತ್ತಾ? ಅದು ನೇರ ಇದೆ ಅಂತ ಗೊತ್ತಾಗೋದು ಹೇಗೆ?

ಉತ್ತರ: ಆಗುತ್ತದೆ, ಆರಿಸಿ ತನ್ನಿ. ಪ್ಲೈವುಡ್ ಮೇಲೆ ಅದರ ಅಂಚಿಗೆ ಚೂಪಾದ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಪೈಪನ್ನು ಗೆರೆಯ ಆಚೆ ಬದಿಗೆ ಮಗುಚಿ, ಅದೇ ಅಂಚಿನಿಂದ ಅದೇ ಗೆರೆ ಮೇಲೆ ಮತ್ತೆ ಎಳೆಯಿರಿ. ಎರಡೂ ಗೆರೆ ಒಂದಾದರೆ ನೇರ. ನಡುವೆ ಬಿಟ್ಟುಕೊಂಡರೆ ಕಾಣುವ ಸಂದಿಯ ಅರ್ಧದಷ್ಟು ಡೊಂಕು ಇದೆ ಅಂತ.

ಪ್ರಶ್ನೆ ಕೇಳಿದವರು: ಅಣ್ಣ, ಹಿಂದಿನ ಬಲಗಾಲು ತೇಲುತ್ತಿತ್ತು. ಇನ್‌ಫೀಡ್ ಹಳಿಯಲ್ಲಿ ನೀವು ಹೇಳಿದ ಪದರವೂ ಇತ್ತು, ಉಳಿಯಲ್ಲಿ ಕೆರೆದ ಮೇಲೇ ಬಂತು. ತಗಡು ಬೇಕಾಗಲಿಲ್ಲ. ಈಗ ತುದಿ ಕೂಡುತ್ತದೆ, ಆದರೆ ನಡುವೆ ಒಂದು ಪೇಪರ್ ತೂರುವಷ್ಟು ಸಂದಿ. ಇನ್ನೊಂದು, ಹಲಗೆಯ ಕೊನೆಯ ಎರಡಿಂಚಿನಲ್ಲಿ ಕುಳಿ ಬೀಳುತ್ತಿದೆ. ಗರಗಸದ ಟೇಬಲನ್ನೂ ನೋಡಬೇಕಾ?

ಉತ್ತರ: ಕುಳಿ ಬೀಳುವುದು ಔಟ್‌ಫೀಡ್ ಟೇಬಲ್ ಬ್ಲೇಡ್‌ಗಿಂತ ತಗ್ಗಿದ್ದಾಗ. ಇನ್‌ಫೀಡ್ ಬಿಟ್ಟ ಕ್ಷಣ ಹಲಗೆಯ ಬಾಲ ಕೆಳಗೆ ಬೀಳುತ್ತದೆ. ಒಂದು ನೇರ ರೀಪರ್ ತುಂಡನ್ನು ಔಟ್‌ಫೀಡ್ ಮೇಲೆ, ಕಟ್ಟರ್ ಮೇಲಕ್ಕೆ ಚಾಚಿದ ಹಾಗೆ ಇಡಿ. ಟೇಬಲ್ ಅಂಚಿಗೆ ನೇರವಾಗಿ ರೀಪರ್ ಮೇಲೆ ಗುರುತು ಹಾಕಿ, ಕಟ್ಟರನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಬೆರಳು ಬ್ಲೇಡ್‌ನಿಂದ ದೂರ ಇರಲಿ. ಬ್ಲೇಡ್ ರೀಪರನ್ನು ಸುಮಾರು ಮೂರು ಎಂಎಂ ಎಳೆದರೆ ಸರಿ. ತುಂಬಾ ಜಾಸ್ತಿ ಎಳೆದರೆ ಔಟ್‌ಫೀಡ್ ಕೂದಲೆಳೆಯಷ್ಟು ಏರಿಸಿ. ಎಳೆಯದೇ ಇದ್ದರೆ ಇಳಿಸಿ. ಫೆನ್ಸ್ (ಹಲಗೆ ಒರಗಿಸುವ ನಿಂತ ಪಟ್ಟಿ) ಕಡೆ, ನಡುವೆ, ನಿಮ್ಮ ಕಡೆ, ಮೂರೂ ಜಾಗದಲ್ಲಿ, ಪ್ರತಿ ಬ್ಲೇಡ್‌ಗೂ ಅಷ್ಟೇ ಎಳೆಯಬೇಕು.

ಗರಗಸಕ್ಕೆ: ಒಂದು ಹಲ್ಲಿಗೆ ಗುರುತು ಹಾಕಿ. ಅದು ಮುಂದಿದ್ದಾಗ ಫೆನ್ಸ್‌ಗೆ ಎಷ್ಟು ದೂರ, ಅದೇ ಹಲ್ಲನ್ನು ಹಿಂದಕ್ಕೆ ತಂದಾಗ ಎಷ್ಟು ದೂರ ಅಂತ ಅಳೆಯಿರಿ. ಹಿಂದೆ ಕಮ್ಮಿ ಇದ್ದರೆ ಮರ ಸಿಕ್ಕಿಕೊಂಡು ನಿಮ್ಮ ಕಡೆಗೇ ಎಗರುತ್ತದೆ. ಅದನ್ನು ಸರಿ ಮಾಡುವ ತನಕ ಆ ಗರಗಸ ಓಡಿಸಬೇಡಿ.

ನಡುವಿನ ಪೇಪರ್ ಸಂದಿಯನ್ನು ಹಾಗೇ ಬಿಡಿ. ಹಲಗೆ ತುದಿಯಿಂದ ಬೇಗ ಒಣಗುತ್ತದೆ, ಅಲ್ಲೇ ಮೊದಲು ಕುಗ್ಗುತ್ತದೆ. ತುದಿ ಬಿಗಿಯಾಗಿ ಕೂತು ನಡುವೆ ಅಷ್ಟು ಸಂದಿ ಇದ್ದರೆ ಒಳ್ಳೆಯದೇ. ಅಂಟು ಹಾಕಿ ನಡುವಿನ ಕ್ಲಾಂಪ್ ಮೊದಲು ಬಿಗಿ ಮಾಡಿ, ಮುಚ್ಚಿಕೊಳ್ಳುತ್ತದೆ.