ಚಿತ್ರ ‘ಬರೆಯುವುದು’ ತಪ್ಪೇ?

ಗೆಳೆಯರೇ,

ಬೆಂಗಳೂರಿನ ಗ್ಯಾಲರಿಯೊಂದರ ಪ್ರದರ್ಶನಕ್ಕೆ ಕನ್ನಡ ಫಲಕಗಳನ್ನು ಸಿದ್ಧಪಡಿಸಿಕೊಟ್ಟೆ. ಒಂದು ಕ್ಯಾನ್ವಾಸಿನ ತುಂಬ ಕಲಾವಿದೆಯ ಅಜ್ಜಿಯ ದಿನಸಿ ಚೀಟಿಯ ಅಕ್ಷರಗಳು. ‘ಬೆಲ್ಲ’ದ ಒತ್ತಕ್ಷರ ಹಿಗ್ಗುತ್ತ ಹೋಗಿ ಕೊನೆಗೆ ಮುದುಕಿಯ ಕೈಯಾಗುತ್ತದೆ. ಅದರ ಕೆಳಗೆ ‘ಬರೆದವರು’ ಎಂದು ಹಾಕಿದ್ದೆ. ಅಚ್ಚಾಗಿ ಬಂದದ್ದು ‘ರಚಿಸಿದವರು’. ಕೇಳಿದರೆ, ‘ಬರೆಯುವವರು ಕವಿಗಳು, ಕಲಾವಿದರಲ್ಲ’ ಎಂಬ ಉತ್ತರ.

ಅಕ್ಷರ ಎಲ್ಲಿ ಮುಗಿಯಿತು, ಚಿತ್ರ ಎಲ್ಲಿ ಶುರುವಾಯಿತು ಎಂದು ಹೇಳಲಾಗದ ಕೃತಿ ಅದು. ಎರಡಕ್ಕೂ ಸಲ್ಲುವ ಕ್ರಿಯಾಪದ ಮನೆಯಲ್ಲೇ ಇರುವಾಗ ಸಮಿತಿ, ಸಚಿವ ಸಂಪುಟಗಳಿಗೆ ಬಳಸುವ ‘ರಚಿಸು’ ಏಕೆ?

ನನಗೆ ತಿಳಿದಂತೆ ತಮಿಳಿನ ‘ವರೈ’, ಮಲಯಾಳದ ‘ವರ’, ತೆಲುಗಿನ ‘ವ್ರಾಯು’ ನಮ್ಮ ‘ಬರೆ’ಯ ಬಳಗ. ಅಲ್ಲಿಯ ವಕಾರ ನಮ್ಮಲ್ಲಿ ಬಕಾರ. ಮಲಯಾಳಿಗಳು ಅದನ್ನು ಚಿತ್ರಕ್ಕೆ ಉಳಿಸಿಕೊಂಡರು, ತೆಲುಗರು ಬರವಣಿಗೆಗೆ. ನಾವು ಎರಡನ್ನೂ ಬಿಡಲಿಲ್ಲ. (ಹುಲಿಯನ್ನು ನೋಡಿ ನರಿ ಎಳೆದುಕೊಂಡ ‘ಬರೆ’ಯೂ ಗೆರೆಯೇ ತಾನೆ?) ಶಾಸನಗಳ ಕೊನೆಯಲ್ಲಿ ‘ಬರೆದ’ವನೂ ‘ಕಂಡರಿಸಿದ’ವನೂ (ಕಲ್ಲಿನಲ್ಲಿ ಕೆತ್ತಿದವನೂ) ಬೇರೆ ಬೇರೆಯಾಗಿ ಬರುವುದುಂಟು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನಂಥ ಶಿಲ್ಪಿಗಳು ತಮ್ಮ ವಿಗ್ರಹಗಳ ಕೆಳಗೆ ಊರಿನ ಹೆಸರನ್ನೂ ಸೇರಿಸಿ ಕನ್ನಡದಲ್ಲೇ ಗುರುತು ಬಿಟ್ಟಿದ್ದಾರೆ. ನಮ್ಮ ಪ್ರದರ್ಶನದಲ್ಲಿ ಕನ್ನಡದಲ್ಲಿ ಸಹಿ ಮಾಡಿದವರು ಈ ಅಜ್ಜಿಯ ಮೊಮ್ಮಗಳೊಬ್ಬರೇ.

ಫ್ಲೆಕ್ಸ್ ಬರುವ ಮುಂಚೆ ಚಿಕ್ಕಪೇಟೆಯಲ್ಲಿ ‘ಬೋರ್ಡ್ ಬರೆಯುವವರು’ ಇದ್ದರು. ದಂತವೈದ್ಯರ ಹೆಸರನ್ನೂ ಪಕ್ಕದ ಹಲ್ಲಿನ ಸಾಲನ್ನೂ ಒಂದೇ ಕುಂಚದಲ್ಲಿ ಬರೆಯುತ್ತಿದ್ದರು. ಹಲ್ಲನ್ನು ‘ರಚಿಸಿದೆ’ ಎಂದು ಅವರ ಬಾಯಲ್ಲಿ ನಾನಂತೂ ಕೇಳಿಲ್ಲ. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಆ ಅಳತೆಯಲ್ಲಿ ಗ್ಯಾಲರಿಯವರು ಪಾಸು, ಬಿಡಿ.

ನನ್ನ ಧಾರವಾಡದ ಸ್ನೇಹಿತರು ‘ಚಿತ್ರ ತೆಗೆ’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಅದನ್ನು ಕೇಳಿದವರು ಕ್ಯಾಮೆರಾ ಹುಡುಕುತ್ತಾರೆ. ನಮ್ಮ ಮನೆಯ ಮಕ್ಕಳದು ‘ಬಿಡಿಸು’. ರಂಗೋಲಿಗೆ ಅದು ಚೆನ್ನ, ಆದರೆ ಅಕ್ಷರ ಬಿಡಿಸುವುದೆಂದರೆ ಒಂದನೇ ತರಗತಿಯ ಓದು ನೆನಪಾಗುತ್ತದೆ.

ನಿಮ್ಮ ಕಡೆ ಎಣ್ಣೆಬಣ್ಣದ ಚಿತ್ರಕ್ಕೂ ‘ಬರೆ’ ಸಲ್ಲುತ್ತದೆಯೇ, ಇಲ್ಲವೇ ಪೆನ್ಸಿಲ್ ಗೆರೆಗೆ ಮಾತ್ರವೇ? ಹಿರಿಯರ ಬಾಯಲ್ಲಿ ಕೇಳಿದ ವಾಕ್ಯಗಳಿದ್ದರೆ ಊರಿನ ಹೆಸರಿನೊಂದಿಗೆ ತಿಳಿಸಿ. ಫಲಕಗಳು ಶುಕ್ರವಾರ ಮತ್ತೆ ಅಚ್ಚಿಗೆ ಹೋಗುತ್ತವೆ.